ಗೋಡೆಯ ಕಲೆಗೆ ಮೆಲಮೈನ್ ಸ್ಪಂಜು: ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು

ದಾವಣಗೆರೆಯ ಮಂಡಿಪೇಟೆಯ ಅಂಗಡಿಯೊಂದರಲ್ಲಿ ‘ಮ್ಯಾಜಿಕ್ ಸ್ಪಂಜು’ ಎಂಬ ಹೆಸರಿನಲ್ಲಿ ಕೊಂಡು ತಂದ ಬಿಳಿಯ, ಹಗುರವಾದ ಮೆಲಮೈನ್ ಸ್ಪಂಜನ್ನು ನಮ್ಮ ಮನೆಯ ಬೇರೆ ಬೇರೆ ಗೋಡೆಗಳ ಮೇಲೆ ಬಳಸಿ ನೋಡಿದ್ದೇನೆ. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಕೊಳ್ಳಬಹುದೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಆದರೆ ಎಲ್ಲ ಗೋಡೆಗಳಿಗೂ ಇದು ತಕ್ಕದ್ದಲ್ಲ, ಮತ್ತು ಆ ಎಚ್ಚರಿಕೆ ಪೊಟ್ಟಣದ ಮೇಲೆ ಎಲ್ಲಿಯೂ ಇರಲಿಲ್ಲ.

ಈ ಸ್ಪಂಜಿನೊಳಗೆ ಸೋಪಾಗಲಿ ಬೇರೆ ರಾಸಾಯನಿಕವಾಗಲಿ ಇರಬೇಕೆಂದಿಲ್ಲ. ಮೆಲಮೈನ್ ರಾಳದಿಂದ ಮಾಡಿದ ಈ ನೊರೆಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದ, ಆದರೆ ಗಟ್ಟಿಯಾದ ಎಳೆಗಳ ಜಾಲವಿದ್ದು, ನೀರಿನಲ್ಲಿ ಅದ್ದಿ ಹಿಂಡಿ ಒರೆಸಿದಾಗ ಅದು ಅತ್ಯಂತ ನಯವಾದ ಮರಳುಕಾಗದದಂತೆ ಕಲೆಯನ್ನು ಕೆರೆದು ತೆಗೆಯುತ್ತದೆ. ಸದ್ದು ಹೀರಿಕೊಳ್ಳಲು ಮತ್ತು ಶಾಖವನ್ನು ತಡೆಯಲು ಬಳಸುತ್ತಿದ್ದ ಈ ವಸ್ತುವನ್ನು ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿ 2003ರಲ್ಲಿ ‘ಮ್ಯಾಜಿಕ್ ಇರೇಸರ್’ ಎಂಬ ಹೆಸರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದಿತು. ಕೆರೆಯುವುದೇ ಇದರ ಶಕ್ತಿ, ಕೆರೆಯುವುದೇ ಇದರ ದೋಷ.

ಹಾಲ್‌ನ ಎಮಲ್ಷನ್ ಪೇಂಟಿನ ಗೋಡೆಯ ಮೇಲಿದ್ದ ಕ್ರೇಯಾನ್ ಮತ್ತು ಪೆನ್ಸಿಲ್ ಗೀಟುಗಳು, ಸ್ವಿಚ್‌ಬೋರ್ಡಿನ ಸುತ್ತಲಿನ ಕೈಮಸಿ, ಬಾಗಿಲ ಪಕ್ಕದ ಚಪ್ಪಲಿಯ ಕರಿಗೆರೆ, ಇವೆಲ್ಲವೂ ಹಗುರವಾಗಿ ಒರೆಸಿದೊಡನೆಯೇ ಹೋದವು. ಬಾಲ್‌ಪೆನ್ನಿನ ಶಾಯಿ ಮಾತ್ರ ಬಣ್ಣದೊಳಕ್ಕೆ ಇಳಿದಿದ್ದರಿಂದ ಮಸುಕಾಯಿತೇ ಹೊರತು ಪೂರ್ತಿಯಾಗಿ ಅಳಿಯಲಿಲ್ಲ.

ಅಡುಗೆಮನೆಯಲ್ಲಿ ನನಗೆ ತೃಪ್ತಿಯಾಗಲಿಲ್ಲ. ನಮ್ಮೂರಿನಲ್ಲಿ ಮಿರ್ಚಿ ಕರಿಯುವುದು ಮತ್ತು ಮಂಡಕ್ಕಿಗೆ ಒಗ್ಗರಣೆ ಹಾಕುವುದು ತಪ್ಪದ ಕೆಲಸ. ಹಾಗೆ ಹಾರಿದ ಎಣ್ಣೆಯ ಹನಿಗಳು ಗಾಳಿ ಮತ್ತು ಬಿಸಿಯ ಪ್ರಭಾವದಿಂದ ದಿನ ಕಳೆದಂತೆ ಅಂಟಂಟಾದ ಪದರವಾಗಿ ಗಟ್ಟಿಯಾಗುತ್ತವೆ. ಆ ಜಿಡ್ಡಿನ ಮೇಲೆ ಸ್ಪಂಜನ್ನು ಉಜ್ಜಿದರೆ ಅದರ ರಂಧ್ರಗಳು ಮುಚ್ಚಿಕೊಂಡು ಅದು ಪುಡಿಪುಡಿಯಾಗಿ ಉದುರುತ್ತದೆ. ಅಲ್ಲಿ ಮೊದಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಕೆಳಗಿನಿಂದ ಮೇಲಕ್ಕೆ ಒರೆಸುವುದು ಉತ್ತಮ. ಮೇಲಿನಿಂದ ಆರಂಭಿಸಿದರೆ ಕೊಳೆ ನೀರು ಒಣ ಗೋಡೆಯ ಮೇಲೆ ಇಳಿದು ಗೆರೆ ಮೂಡಿಸುತ್ತದೆ. ಅರಿಸಿನದ ಕಲೆಗೆ ವಾಷಿಂಗ್ ಸೋಡಾ ಹಾಕಬಾರದು, ಏಕೆಂದರೆ ಅರಿಸಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಗುಲಿದಾಗ ಕೆಂಪಾಗುತ್ತದೆ. ಬಿಸಿಲು ಬೀಳುವ ಗೋಡೆಯಾದರೆ ಆ ಕಲೆ ಕಾಲಕ್ರಮೇಣ ತಾನಾಗಿಯೇ ಮಾಸುತ್ತದೆ.

ಹೊಳಪಿನ ಪೇಂಟ್ ಹಚ್ಚಿದ ಗೋಡೆಗೂ ಬಾಗಿಲಿಗೂ ಈ ಸ್ಪಂಜನ್ನು ಮುಟ್ಟಿಸಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕಲೆ ಹೋಗುತ್ತದೆ, ಜೊತೆಗೆ ಹೊಳಪೂ ಹೋಗುತ್ತದೆ, ಮತ್ತು ಆ ಮಂಕಾದ ಜಾಗ ಓರೆಯಾಗಿ ಬಿದ್ದ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಡಿಸ್ಟೆಂಪರ್ ಅಥವಾ ಸುಣ್ಣದ ಗೋಡೆಯಾದರೆ ಬಣ್ಣವೇ ಸ್ಪಂಜಿಗೆ ಹತ್ತಿಕೊಳ್ಳುತ್ತದೆ.

ವಾಲ್‌ಪೇಪರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ವಿನೈಲ್ ಲೇಪನವಿರುವುದನ್ನು ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಬಹುದಾದರೂ ಸ್ಪಂಜು ಅದರ ಮೇಲಿನ ಮುದ್ರಿತ ಚಿತ್ತಾರವನ್ನು ಸವೆಸಬಲ್ಲದು. ಬರೀ ಕಾಗದದ್ದು ನೀರನ್ನೇ ತಾಳುವುದಿಲ್ಲ. ಹಿಂದೆ ಅಮೆರಿಕದಲ್ಲಿ ಕಲ್ಲಿದ್ದಲ ಮಸಿ ಹಿಡಿದ ವಾಲ್‌ಪೇಪರನ್ನು ಹಿಟ್ಟಿನಂಥ ಮುದ್ದೆಯನ್ನು ಉರುಳಿಸಿ ನೀರು ತಾಗಿಸದೆಯೇ ಶುಚಿಗೊಳಿಸುತ್ತಿದ್ದರು, ಮತ್ತು ಅದೇ ಮುದ್ದೆ 1956ರ ಹೊತ್ತಿಗೆ ‘ಪ್ಲೇ-ಡೋ’ ಎಂಬ ಮಕ್ಕಳ ಆಟಿಕೆಯಾಯಿತು.

ಇಲ್ಲಿನ ಬೋರ್‌ವೆಲ್ ನೀರಿನ ಗಡಸುತನವೂ ಗಮನಿಸಬೇಕಾದ ಸಂಗತಿ. ಒರೆಸಿದ ಜಾಗ ತಾನಾಗಿ ಆರಲು ಬಿಟ್ಟರೆ ಬಿಳಿಯ ಉಪ್ಪಿನ ಗುರುತು ಉಳಿಯುತ್ತದೆ, ಆದ್ದರಿಂದ ಕೂಡಲೇ ಒಣ ಬಟ್ಟೆಯಿಂದ ತೇವ ತೆಗೆಯಬೇಕು. ಗೋಡೆಗೆ ಹಿಡಿದ ಬೂಷ್ಟಿಗೆ ಈ ಸ್ಪಂಜು ಪರಿಹಾರವಲ್ಲ. ನೀರು ಸೋರುವ ಜಾಗವನ್ನು ದುರಸ್ತಿ ಮಾಡಿಸದಿದ್ದರೆ ಅದು ಮರಳಿ ಬರುತ್ತದೆ.

ಕೊಂಡವರು ಇಡೀ ಸ್ಪಂಜನ್ನು ಒಮ್ಮೆಲೇ ನೆನೆಸದೆ ಚಾಕುವಿನಿಂದ ಸಣ್ಣ ತುಂಡುಗಳಾಗಿ ಕತ್ತರಿಸಿಕೊಂಡರೆ ಹೆಚ್ಚು ದಿನ ಬರುತ್ತದೆ. ಮೊದಲ ತುಂಡನ್ನು ಸೋಫಾದ ಹಿಂದಿನ ಗೋಡೆಯ ಮೇಲೆ ಒತ್ತಡ ಹಾಕದೆ ಒರೆಸಿ, ಒಣಗಿದ ಮೇಲೆ ಬಣ್ಣ ಮಂಕಾಗಿದೆಯೇ ಎಂದು ನೋಡಿಕೊಂಡೇ ಮುಂದುವರಿಯಬೇಕು.