ಜಿಜ್ಮೋರ್: ಬಿಲ್ಡ್ ಫೈಲ್‌ಗಳಲ್ಲಿನ ತೂತು ಹುಡುಕುವ ಟೂಲ್, ಒಂದು ವರ್ಷ ಬಳಸಿದ ಮೇಲೆ

ನಮ್ಮದು ಐದು ಜನರ ಟೀಮ್. ಟೆಸ್ಟ್, ಬಿಲ್ಡ್, ರಿಲೀಸ್ ಎಲ್ಲಾ ಗಿಟ್‌ಹಬ್ ಆಕ್ಷನ್ಸ್‌ನಲ್ಲೇ (ಕೋಡ್ ಇಡುವ ಗಿಟ್‌ಹಬ್ ತಾಣದ್ದೇ ಆಟೊಮೇಷನ್ ಸೇವೆ) ನಡೆಯುತ್ತದೆ. 2025ರ ಜನವರಿಯಿಂದ ಈ ಕೆಲಸಗಳ ಹಂತಗಳನ್ನು ಬರೆದಿಡುವ ವರ್ಕ್‌ಫ್ಲೋ ಫೈಲ್‌ಗಳನ್ನು ಜಿಜ್ಮೋರ್‌ನಿಂದ ಚೆಕ್ ಮಾಡಿಸುತ್ತಿದ್ದೇವೆ. ಉಚಿತ, ಓಪನ್ ಸೋರ್ಸ್. ಪೈಥಾನ್‌ನ ಇನ್‌ಸ್ಟಾಲರ್ ಪಿಪ್‌ನಿಂದಲೇ ಇನ್‌ಸ್ಟಾಲ್ ಆಗುತ್ತದೆ. ಹನ್ನೆರಡು ಫೈಲ್ ಓದಿ ಮುಗಿಸಲು ಕೆಲವೇ ಸೆಕೆಂಡ್ ಸಾಕು.

ಇದನ್ನು ಹುಡುಕಿಕೊಂಡು ಹೋಗಿದ್ದು ಅಲ್ಟ್ರಾಲಿಟಿಕ್ಸ್ ಪ್ರಕರಣದ ನಂತರ. 2024ರ ಡಿಸೆಂಬರ್‌ನಲ್ಲಿ ಆ ಪೈಥಾನ್ ಲೈಬ್ರರಿಯ 8.3.41 ಮತ್ತು 8.3.42 ಆವೃತ್ತಿಗಳೊಳಗೆ ಕ್ರಿಪ್ಟೊ ಮೈನರ್ (ಬಳಸುವವರ ಕಂಪ್ಯೂಟರಿನಲ್ಲಿ ಕದ್ದು ಕ್ರಿಪ್ಟೊ ನಾಣ್ಯ ಗಳಿಸುವ ಪ್ರೋಗ್ರಾಂ) ಸೇರಿಕೊಂಡಿತ್ತು. ರೆಪೊದಲ್ಲಿದ್ದ (ಕೋಡ್ ಇಡುವ ಭಂಡಾರ) ಕೋಡ್ ಚೊಕ್ಕವಾಗಿಯೇ ಇತ್ತು, ವಿಷ ಬೆರೆತದ್ದು ಬಿಲ್ಡ್ ಆಗುವಾಗ. ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದವರು ಬ್ರಾಂಚಿನ, ಅಂದರೆ ಆ ಬದಲಾವಣೆ ಇರುವ ಕೋಡ್ ಕವಲಿನ, ಹೆಸರಿನೊಳಗೇ ಶೆಲ್ ಕಮಾಂಡ್ ಬರೆದಿದ್ದರು. ಬಿಲ್ಡ್ ಮಾಡುವ ಪೈಪ್‌ಲೈನ್ ಆ ಹೆಸರನ್ನೇ ಕಮಾಂಡ್ ಅಂತ ಓಡಿಸಿತು.

ನಮ್ಮ ಫೈಲ್‌ಗಳ ಮೇಲೆ ಮೊದಲ ಸಲ ಓಡಿಸಿದಾಗ 31 ಎಚ್ಚರಿಕೆ ಬಂದವು. ಅದರಲ್ಲಿ ಒಂದು, ನಾನೇ ಬರೆದಿದ್ದ ಎಕೋ (ಪಠ್ಯವನ್ನು ಪ್ರಿಂಟ್ ಮಾಡುವ ಕಮಾಂಡ್) ಸಾಲು. ಪುಲ್ ರಿಕ್ವೆಸ್ಟ್ ಬಂದಾಗ ಅದರ ಶೀರ್ಷಿಕೆಯನ್ನು ಲಾಗ್‌ನಲ್ಲಿ ತೋರಿಸುವುದು, ಅಷ್ಟೇ ಅದರ ಕೆಲಸ. ಆದರೆ ಜೋಡಿ ಕರ್ಲಿ ಬ್ರಾಕೆಟ್ ಒಳಗೆ ಬರೆದದ್ದನ್ನು ಗಿಟ್‌ಹಬ್ ಶೆಲ್ ಶುರುವಾಗುವ ಮುಂಚೆಯೇ ಸ್ಕ್ರಿಪ್ಟ್‌ಗೆ ಹಾಗೇ ಅಂಟಿಸುತ್ತದೆ. ಶೀರ್ಷಿಕೆಯಲ್ಲಿ ಒಂದು ಕೋಟ್ ಚಿಹ್ನೆ, ಒಂದು ಸೆಮಿಕೋಲನ್, ಮುಂದೆ ಒಂದು ಕಮಾಂಡ್ ಇದ್ದರೆ ಅದೂ ಓಡುತ್ತದೆ. ಅದರ ಮೇಲೆ ಆ ಫೈಲಿನ ಟ್ರಿಗರ್ (ಅದನ್ನು ಓಡಿಸುವ ಘಟನೆ) 'ಪುಲ್ ರಿಕ್ವೆಸ್ಟ್ ಟಾರ್ಗೆಟ್'. ಅಂದರೆ ಗುರುತು ಪರಿಚಯ ಇಲ್ಲದವರು ಕಳಿಸಿದರೂ ಕೆಲಸ ನಡೆಯುವುದು ನಮ್ಮ ಸೀಕ್ರೆಟ್‌ಗಳ (ಪಾಸ್‌ವರ್ಡ್, ಟೋಕನ್‌ನಂಥ ಗುಟ್ಟಿನ ಕೀಲಿಗಳು) ಜೊತೆಯಲ್ಲಿ. ಪ್ಯಾಕೇಜ್ ಪಬ್ಲಿಷ್ ಮಾಡುವ ಟೋಕನ್ ಅಲ್ಲೇ ಇತ್ತು! ಎರಡು ವರ್ಷ ಆ ಸಾಲು ಹಾಗೇ ಇತ್ತು. ರಿವ್ಯೂನಲ್ಲಿ ಎಲ್ಲರೂ ನೋಡಿ ಸರಿ ಅಂದಿದ್ದೆವು. ನನಗೆ ನಿಜಕ್ಕೂ ಭಯವಾಯಿತು.

ಸರಿಪಡಿಸಲು ಎರಡೇ ಸಾಲು ಸಾಕಾಯಿತು. ಶೀರ್ಷಿಕೆಯನ್ನು ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಹಾಕಿ, ಶೆಲ್‌ನಲ್ಲಿ ಕೋಟ್ ಒಳಗೆ ಆ ವೇರಿಯಬಲ್ ಬಳಸಿದೆ. ಆಗ ಅದು ಬರೀ ಅಕ್ಷರವಾಗಿಯೇ ಉಳಿಯುತ್ತದೆ. ಟೋಕನ್ ಅನ್ನು ಅದೇ ದಿನ ಬದಲಾಯಿಸಿದೆವು.

ಮುಂದೆ 2025ರ ಮಾರ್ಚ್‌ನಲ್ಲಿ 'ಟಿಜೆ ಆಕ್ಷನ್ಸ್'ನ 'ಚೇಂಜ್ಡ್ ಫೈಲ್ಸ್' ದಾಳಿಗೆ ಸಿಕ್ಕಿತು. 23,000ಕ್ಕೂ ಹೆಚ್ಚು ರೆಪೊಗಳು ಬಳಸುತ್ತಿದ್ದ ಆಕ್ಷನ್, ಅಂದರೆ ವರ್ಕ್‌ಫ್ಲೋನಲ್ಲಿ ಕರೆದು ಬಳಸುವ ಸಿದ್ಧ ತುಣುಕು, ಅದು. ಹಳೆಯ ಆವೃತ್ತಿಗಳ ಟ್ಯಾಗ್‌ಗಳನ್ನೂ (ಆವೃತ್ತಿಯ ಹೆಸರು ಹೇಳುವ ಗುರುತು) ಕೆಟ್ಟ ಕಮಿಟ್ (ಕೋಡಿನ ಒಂದು ದಾಖಲಾದ ಬದಲಾವಣೆ) ಕಡೆಗೆ ತಿರುಗಿಸಿದ್ದರು. ಸೀಕ್ರೆಟ್‌ಗಳು ಬಿಲ್ಡ್ ಲಾಗ್‌ನಲ್ಲಿ ಪ್ರಿಂಟ್ ಆದವು. ಟ್ಯಾಗ್ ಅನ್ನುವುದು ಬರೀ ಬೋರ್ಡು, ಯಾವಾಗ ಬೇಕಾದರೂ ಬೇರೆ ಕಡೆ ತಿರುಗಿಸಬಹುದು ಅಂತ ಆಗಲೇ ನಮಗೆ ಮನಸ್ಸಿಗೆ ನಾಟಿದ್ದು. ನಾವು ಆ ಆಕ್ಷನ್ ಬಳಸುತ್ತಿರಲಿಲ್ಲ. ಆದರೂ ಆ ವಾರವೇ ಹೊರಗಿನ ಎಲ್ಲಾ ಆಕ್ಷನ್‌ಗಳಿಗೂ ಟ್ಯಾಗ್ ತೆಗೆದು 40 ಅಕ್ಷರದ ಕಮಿಟ್ ಹ್ಯಾಶ್, ಅಂದರೆ ಒಂದೇ ಕಮಿಟ್‌ಗೆ ಸೇರಿದ ಬದಲಾಗದ ಗುರುತು, ಹಾಕಿದೆವು. ಈಗ ಯಾರಾದರೂ ಮರೆತು ಟ್ಯಾಗ್ ಬರೆದರೆ ಜಿಜ್ಮೋರ್ ಹಿಡಿಯುತ್ತದೆ. ಹ್ಯಾಶ್ ಹಳೆಯದಾಗದಂತೆ ಗಿಟ್‌ಹಬ್‌ನ ಅಪ್‌ಡೇಟ್ ಬಾಟ್ ಡಿಪೆಂಡಬಾಟ್ ನೋಡಿಕೊಳ್ಳುತ್ತದೆ. ಹೊಸದನ್ನು ಬಂದ ದಿನವೇ ತೆಗೆದುಕೊಳ್ಳಬೇಡಿ, ಒಂದು ವಾರ ಬಿಡಿ, ಕೆಟ್ಟದ್ದಾಗಿದ್ದರೆ ಅಷ್ಟರಲ್ಲಿ ಗೊತ್ತಾಗಬಹುದು.

ಇದರ ಮಿತಿಯನ್ನೂ ಹೇಳಬೇಕು. ಇದು ಫೈಲ್ ಓದುತ್ತದೆ, ಅಷ್ಟೇ. ಬಿಲ್ಡ್ ಓಡುವಾಗ ಎನ್‌ಪಿಎಂ (ಜಾವಾಸ್ಕ್ರಿಪ್ಟ್) ಪ್ಯಾಕೇಜ್ ಒಳಗಿಂದ ಏನು ಮಾಡುತ್ತಿದೆ ಅಂತ ಇದಕ್ಕೆ ಕಾಣುವುದಿಲ್ಲ. ಬಿಲ್ಡ್‌ಗೆ ಗಿಟ್‌ಲ್ಯಾಬ್, ಜೆಂಕಿನ್ಸ್‌ನಂಥ ಬೇರೆ ವ್ಯವಸ್ಥೆ ಬಳಸುವವರಿಗೆ ಉಪಯೋಗವಿಲ್ಲ. ಪೈಪ್‌ಲೈನ್ ಬಗ್ಗೆ ಗೊತ್ತಿಲ್ಲದವರಿಗೆ ಮೊದಲ ದಿನದ ಎಚ್ಚರಿಕೆಗಳು ತಲೆನೋವು ತರುತ್ತವೆ. ಟೆಂಪ್ಲೇಟ್ ಇಂಜೆಕ್ಷನ್ (ನನ್ನ ಎಕೋ ಸಾಲಿನಂಥ ತೂತು), ಅಪಾಯಕಾರಿ ಟ್ರಿಗರ್, ಈ ಎರಡನ್ನು ಮೊದಲು ನೋಡಿ. ಮಿಕ್ಕಿದ್ದು ನಿಧಾನಕ್ಕೆ ಮಾಡಬಹುದು. ನಮಗೆ ಮೂರು ವಾರ ಹಿಡಿಯಿತು.

ಬೇಡದ ಎಚ್ಚರಿಕೆಯನ್ನು ಕಾಮೆಂಟ್ ಹಾಕಿ ಸುಮ್ಮನಾಗಿಸಬಹುದು. ಅದು ಅಭ್ಯಾಸವಾಗಬಾರದು ಅಂತ, ಪಕ್ಕದಲ್ಲಿ ಕಾರಣ ಬರೆಯದಿದ್ದರೆ ನಾವು ಆ ಬದಲಾವಣೆಯನ್ನು ಮರ್ಜ್ ಮಾಡುವುದಿಲ್ಲ (ಮುಖ್ಯ ಕೋಡಿಗೆ ಸೇರಿಸುವುದಿಲ್ಲ). 31ರಲ್ಲಿ ಈಗ ಹಾಗೆ ಉಳಿದಿರುವುದು ನಾಲ್ಕು.