ಬಂಗಾರ ಹುಡುಕಲು ಎರಡು ಡಿಟೆಕ್ಟರ್: ಕೆಂಪು ಮಣ್ಣಿಗೆ ಯಾವುದು ಮೇಲು?

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಡನೋಲಿ ಅಂತ ಒಂದು ಸಣ್ಣ ಊರಿದೆ. ಅದರ ಹತ್ತಿರದ ಮೋಲಿಯಾಗಲ್‌ನಲ್ಲೇ 1869ರಲ್ಲಿ 'ವೆಲ್‌ಕಮ್ ಸ್ಟ್ರೇಂಜರ್' ಸಿಕ್ಕಿದ್ದು. ಎಪ್ಪತ್ತು ಕಿಲೋ ದಾಟಿದ ಬಂಗಾರದ ಗಟ್ಟಿ, ನೆಲದಿಂದ ಬರೀ ಎರಡು-ಮೂರು ಸೆಂಟಿಮೀಟರ್ ಕೆಳಗೆ! ನಮ್ಮ ಕೋಲಾರದ ಹಾಗಲ್ಲ. ಅಲ್ಲಿ ಬೆಣಚುಕಲ್ಲಿನೊಳಗಿನ ಕಣಗಳಿಗಾಗಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದಿದ್ದರು. ಇಲ್ಲಿ ಮೇಲ್ಮಣ್ಣಲ್ಲೇ ಲೋಹ ಪತ್ತೆಹಚ್ಚುವ ಡಿಟೆಕ್ಟರ್‌ಗೆ ಕೆಲಸ.

ನಾನು ಆ ಸುತ್ತಿನ ಕಾಡಲ್ಲಿ ಮೈನ್‌ಲ್ಯಾಬ್ ಕಂಪನಿಯ ಗೋಲ್ಡ್ ಮಾನ್‌ಸ್ಟರ್ 1000, ಎಸ್‌ಡಿಸಿ 2300 ಎಂಬ ಎರಡು ಡಿಟೆಕ್ಟರ್‌ಗಳನ್ನೂ ಒಂದೇ ಜಾಗದಲ್ಲಿ ಬೀಸಿ ನೋಡಿದೆ.

ಮಾನ್‌ಸ್ಟರ್ ವಿಎಲ್‌ಎಫ್ (ವೆರಿ ಲೋ ಫ್ರೀಕ್ವೆನ್ಸಿ) ಜಾತಿಯದು, ಅದರ ಸಿಗ್ನಲ್ 45 ಕಿಲೋಹರ್ಟ್ಸ್‌ನದು. ಒಂದೂಕಾಲು ಕಿಲೋಗೆ ಸ್ವಲ್ಪ ಜಾಸ್ತಿ ತೂಕ. ದಿನವಿಡೀ ಬೀಸಿದರೂ ಕೈ ಸೋಲಲಿಲ್ಲ. ಸಿಕ್ಕಿದ್ದು ಕಬ್ಬಿಣವೋ ಬಂಗಾರವೋ ಅಂತ ಅಂದಾಜನ್ನೂ ತೋರಿಸುತ್ತದೆ. ಹಳ್ಳದ ಬಿಳಿ ಮಣ್ಣಿನಲ್ಲಿ ಅಕ್ಕಿಕಾಳಿನಷ್ಟು ಸೀಸದ ಚೂರನ್ನೂ ಬಿಡಲಿಲ್ಲ. ಆದರೆ ದಿಣ್ಣೆಯ ಕೆಂಪು ಮಣ್ಣಿಗೆ ಹತ್ತಿದರೆ ಬೇರೆಯೇ ಕತೆ. ವಿಎಲ್‌ಎಫ್ ಸಿಗ್ನಲ್ ಕಳಿಸುತ್ತಲೇ ಕಿವಿಗೊಡುತ್ತದೆ. ಹಾಗಾಗಿ ಮಣ್ಣಿನಲ್ಲಿರುವ ಕಬ್ಬಿಣದ ಅಂಶವೂ ಉತ್ತರ ಕೊಡುತ್ತದೆ, ಕಾಲಿಟ್ಟಲ್ಲೆಲ್ಲ ಸದ್ದು. ಇದು ಮೆಷಿನ್ನಿನ ತಪ್ಪಲ್ಲ, ನೆಲದ ಗುಣ. ಸೆನ್ಸಿಟಿವಿಟಿ ಇಳಿಸಿದರೆ ಸದ್ದು ನಿಲ್ಲುತ್ತದೆ, ಜೊತೆಗೆ ಸಣ್ಣ ಬಂಗಾರವೂ ತಪ್ಪಿಹೋಗುತ್ತದೆ.

ಎಸ್‌ಡಿಸಿ ಪಲ್ಸ್ ಇಂಡಕ್ಷನ್ ಯಂತ್ರ. ಒಂದು ಮಿಡಿತ ಕಳಿಸಿ, ನಿಲ್ಲಿಸಿ, ಆಮೇಲೆ ಕೇಳುತ್ತದೆ. ಹಾಗಾಗಿ ಮಣ್ಣಿನ ಗಲಾಟೆ ಅಷ್ಟಾಗಿ ಕೇಳುವುದಿಲ್ಲ. ಅದೇ ದಿಣ್ಣೆಯಲ್ಲಿ ಹೆಡ್‌ಫೋನ್ ತುಂಬಾ ಒಂದೇ ಸಮನೆ ತೆಳ್ಳಗಿನ ಗುಂಯ್ ಸದ್ದು. ಒಂದು ಕಡೆ ಆ ಸದ್ದು ಚೂರೇ ಚೂರು ಅಲುಗಿತು. ಅಗೆದೆ. ಗೇಣುದ್ದ ಗುಂಡಿ. ಮಣ್ಣನ್ನು ಪ್ಲಾಸ್ಟಿಕ್ ಸೌಟಿಗೆ ಹಾಕಿ ಕಾಯಿಲ್ (ಡಿಟೆಕ್ಟರ್ ತುದಿಯ ತಟ್ಟೆ) ಮೇಲೆ ಆಡಿಸಿದೆ. ಸದ್ದು ಬಂತು. ಅರ್ಧ ಚೆಲ್ಲಿದೆ, ಮತ್ತೆ ಆಡಿಸಿದೆ, ಮತ್ತೆ ಅರ್ಧ. ಕೊನೆಗೆ ಒಂದು ಚಿಟಿಕೆ ಮಣ್ಣು ಉಳಿಯಿತು. ಬೆರಳಲ್ಲಿ ಉಜ್ಜಿದಾಗ ಹಳದಿ! ಅರ್ಧ ಗ್ರಾಂ ಕೂಡ ಇಲ್ಲ, ಆದರೂ ಎದೆ ಹೊಡೆದುಕೊಂಡಿತು.

ಆದರೆ ಇದರ ಬೆಲೆ ಮಾನ್‌ಸ್ಟರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಕಬ್ಬಿಣವನ್ನು ಬೇರೆ ಮಾಡಿ ಹೇಳುವುದಿಲ್ಲ, ತುಕ್ಕು ಹಿಡಿದ ಮೊಳೆಗೂ ಅಗೆಯಲೇಬೇಕು. ಗುದ್ದಲಿಗೆ ಅಯಸ್ಕಾಂತ ಅಂಟಿಸಿಕೊಂಡರೆ ಮೊಳೆ ಬೇಗ ಸಿಗುತ್ತದೆ.

ಹೊಸಬರಾದರೆ ಮೊದಲು ವಿಕ್ಟೋರಿಯಾದಲ್ಲಿ ಬಂಗಾರ ಹುಡುಕಲು ಬೇಕಾದ ಮೈನರ್ಸ್ ರೈಟ್ ಪರವಾನಗಿ ತಗೊಳ್ಳಿ, ಹತ್ತು ವರ್ಷ ನಡೆಯುತ್ತದೆ. ಅಗೆದ ಗುಂಡಿ ಮುಚ್ಚಿ. ಕೆಂಪು ದಿಣ್ಣೆಗೇ ಹೋಗುವವರಿಗೆ ದುಡ್ಡು ಹೊಂದಿಸಿ ಎಸ್‌ಡಿಸಿ ಕೊಳ್ಳಿ ಅಂತಲೇ ಹೇಳುತ್ತೇನೆ. ಹಳ್ಳದ ಬಿಳಿ ಮಣ್ಣಿಗೆ ಮಾತ್ರ ನಾನು ಈಗಲೂ ಮಾನ್‌ಸ್ಟರ್ ಅನ್ನೇ ಒಯ್ಯುತ್ತೇನೆ.