ಟ್ಯಾಗ್ ರಗ್ಬಿಯೋ ಟಚ್ ರಗ್ಬಿಯೋ: ಪಿ.ಟಿ. ಪೀರಿಯಡ್‌ಗೆ ಯಾವುದು?

ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಬೀಳಿಸುವುದು, ಇರುವ ರಗ್ಬಿಯನ್ನು ಮೊದಲೇ ಬದಿಗಿಡೋಣ. ಗಟ್ಟಿ ನೆಲದ ಮೈದಾನ, ಅರ್ಧದಷ್ಟು ಮಕ್ಕಳು ಬರಿಗಾಲಲ್ಲಿ, ಬೀಳುವುದನ್ನು ಕಲಿಸಬಲ್ಲ ಕೋಚ್ ಇಲ್ಲ. ಅಲ್ಲಿ ಅದರ ಮಾತೇ ಬೇಡ. ಉಳಿಯುವುದು ಎರಡು: ಚೆಂಡು ಹಿಡಿದವರ ಸೊಂಟದ ಪಟ್ಟಿ ಕಿತ್ತು ತಡೆಯುವ ಟ್ಯಾಗ್, ಕೈಯಿಂದ ಮುಟ್ಟಿ ತಡೆಯುವ ಟಚ್. ಎಂಟು, ಒಂಬತ್ತನೇ ತರಗತಿಗೆ 40 ನಿಮಿಷದ ಪೀರಿಯಡ್‌ನಲ್ಲಿ ಎರಡನ್ನೂ ಆಡಿಸಿ ನೋಡಿದ್ದೇವೆ. ತಪ್ಪಿಸಿಕೊಂಡು ಓಡುವುದಕ್ಕೆ ಟ್ಯಾಗ್, ತನ್ನ ಜಾಗ ಬಿಡದೆ ಆಡುವುದಕ್ಕೆ ಟಚ್.

ಟ್ಯಾಗ್‌ಗೆ ಸೊಂಟದ ಎರಡೂ ಬದಿ ಒಂದೊಂದು ಪಟ್ಟಿ ಬೇಕು. ವೆಲ್ಕ್ರೋ ಬೆಲ್ಟ್ ಇಲ್ಲದಿದ್ದರೆ 40 ಸೆಂ.ಮೀ. ಉದ್ದದ ಹಳೇ ಬಟ್ಟೆ ಚೂರು ಸಾಕು. ಅದನ್ನು ಸಿಕ್ಕಿಸಬೇಕೇ ಹೊರತು ಗಂಟು ಹಾಕಬಾರದು. ಗಂಟು ಬಿದ್ದರೆ ಎಳೆದವರ ಜೊತೆ ಮಗುವೂ ಬೀಳುತ್ತದೆ. ಶರ್ಟು ಒಳಗೆ ಹಾಕಿರಬೇಕು. ಚೂಡಿದಾರದ ಟಾಪ್ ಪಟ್ಟಿಯನ್ನು ಮುಚ್ಚಿಬಿಡುವುದರಿಂದ ಬೆಲ್ಟು ಅದರ ಮೇಲೇ ಬರಲಿ.

ಟಚ್‌ಗೆ ಚೆಂಡೊಂದೇ ಸಾಕು, ಆದರೆ ಜಗಳ ಜಾಸ್ತಿ. ‘ಮುಟ್ಟಿದೆ’, ‘ಇಲ್ಲ ಮುಟ್ಟಲಿಲ್ಲ’ ಎಂಬ ಕಬಡ್ಡಿಯ ತಕರಾರೇ ಇಲ್ಲೂ. ಟ್ಯಾಗ್‌ನಲ್ಲಿ ಪಟ್ಟಿ ಕೈಯಲ್ಲೇ ಇರುತ್ತದೆ, ಮೇಷ್ಟ್ರು ತೀರ್ಪು ಕೊಡುವ ಪ್ರಮೇಯವೇ ಬರುವುದಿಲ್ಲ. ಇನ್ನೊಂದು ಲಾಭ: ಕಬಡ್ಡಿ ಆಡಿ ರೂಢಿಯಿರುವವರ ಕೈ ತಾನಾಗಿಯೇ ಕಣಕಾಲಿಗೆ, ತೊಡೆಗೆ ಹೋಗುತ್ತದೆ. ಟ್ಯಾಗ್ ಅದನ್ನು ಸೊಂಟಕ್ಕೆ ತರುತ್ತದೆ.

ಪಟ್ಟಿ ಕಿತ್ತವರು ಅದನ್ನು ಎತ್ತಿ ‘ಟ್ಯಾಗ್’ ಎಂದು ಕೂಗಿ, ಕೈಗೇ ವಾಪಸ್ ಕೊಡಬೇಕು. ಕೊಡುವ ತನಕ ಆಟದಲ್ಲಿಲ್ಲ. ಕಿತ್ತಿಸಿಕೊಂಡವರು 3 ಸೆಕೆಂಡಿನೊಳಗೆ ಪಾಸ್ ಮಾಡಬೇಕು. ಆ ಕ್ಷಣ ರಕ್ಷಣೆಯ ಸಾಲಿನಲ್ಲಿ ಒಬ್ಬರು ಕಡಿಮೆ, ಪಕ್ಕದಲ್ಲೇ ಸಂದು. ಒಬ್ಬರೆದುರು ಇಬ್ಬರು ನುಗ್ಗುವುದನ್ನು ಬೋರ್ಡಿನ ಮೇಲೆ ಗೆರೆ ಎಳೆದು ವಿವರಿಸುವ ಅಗತ್ಯವಿಲ್ಲ, ಆಟವೇ ತೋರಿಸುತ್ತದೆ. ಎದುರಾಳಿ 2 ಮೀಟರ್ ದೂರ ಇರುವಾಗ ಚೆಂಡು ಕೈಬಿಟ್ಟರೆ ಸರಿ. 5 ಮೀಟರ್ ಇರುವಾಗಲೇ ಕೊಟ್ಟರೆ ಅವರು ಪಕ್ಕದವರ ಕಡೆಗೆ ಸರಿದುಬಿಡುತ್ತಾರೆ.

ಆದರೆ ಟ್ಯಾಗ್‌ನಲ್ಲಿ ಮಕ್ಕಳು ಜೇನು ಮುತ್ತಿದಂತೆ ಚೆಂಡಿನ ಸುತ್ತ ಸೇರುತ್ತಾರೆ. ಟಚ್‌ನ ನಿಯಮ ಇದಕ್ಕೆ ಅವಕಾಶ ಕೊಡುವುದಿಲ್ಲ. ತಂಡಕ್ಕೆ 6 ಜನ: ನಡುವೆ ಇಬ್ಬರು, ಅವರ ಅಕ್ಕಪಕ್ಕ ಲಿಂಕ್ ಇಬ್ಬರು, ಅಂಚಿನಲ್ಲಿ ವಿಂಗ್ ಇಬ್ಬರು. ಮುಟ್ಟಿಸಿಕೊಂಡವರು ಮುಟ್ಟಿದ ಜಾಗದಲ್ಲೇ ಚೆಂಡಿಟ್ಟು ಅದನ್ನು ದಾಟಬೇಕು. ಹಿಂದಿನಿಂದ ಒಬ್ಬರು ಬಂದು ಎತ್ತಿಕೊಳ್ಳುತ್ತಾರೆ, ಅವರೇ ಹಾಫ್. ಹಾಫ್‌ಗೆ ಅಂಕ ಗಳಿಸುವಂತಿಲ್ಲ, ಅವರನ್ನು ಮುಟ್ಟಿದರೆ ಚೆಂಡು ಎದುರಾಳಿಗೆ. 6 ಟಚ್ ಆದರೂ ಅಷ್ಟೇ. ಪ್ರತಿ ಟಚ್‌ಗೂ ರಕ್ಷಕರು 7 ಮೀಟರ್ ಹಿಂದೆ ಸರಿಯಬೇಕು. ನಮ್ಮ 40×30 ಮೀಟರ್ ಮೈದಾನಕ್ಕೆ 5 ಸಾಕಾಯಿತು. ಹೀಗೆ ಪ್ರತಿ ಸಲ ಆಟ ನಿಂತು ಮತ್ತೆ ಶುರುವಾಗುವಾಗ ಎಲ್ಲರಿಗೂ ತಮ್ಮ ಜಾಗಕ್ಕೆ ಮರಳಲು ಸಮಯ ಸಿಗುತ್ತದೆ. ಅಗಲವನ್ನು ಸುಣ್ಣದ ಪುಡಿಯಿಂದ 5 ಮೀಟರಿನ 6 ಓಣಿ ಮಾಡಿ. ಮೊದಲ ಐದು ನಿಮಿಷ ಯಾರೂ ತಮ್ಮ ಓಣಿ ಬಿಡಬಾರದು. ಹಾಫ್ ಆಗಲು ಬರುವವರಿಗೆ ಮಾತ್ರ ವಿನಾಯಿತಿ.

ರಗ್ಬಿಯಲ್ಲಿ ಚೆಂಡನ್ನು ಮುಂದಕ್ಕೆ ಪಾಸ್ ಮಾಡುವಂತಿಲ್ಲ. ಹಾಗೆ ಮುಂದಕ್ಕೆ ಹೋಗುವ ತಪ್ಪು ಎರಡರಲ್ಲೂ ಇದೆ. ಬಹುತೇಕ ಸಲ ಕೊಟ್ಟವರದಲ್ಲ, ತೆಗೆದುಕೊಳ್ಳುವವರದು ತಪ್ಪು. ಚೆಂಡಿನ ಸಮಕ್ಕೆ ನಿಂತಿರುತ್ತಾರೆ. 3 ಮೀಟರ್ ಹಿಂದೆ ನಿಂತು, ಚೆಂಡು ಕೈಬಿಟ್ಟ ಮೇಲೆ ವೇಗ ಹೆಚ್ಚಿಸಿದರೆ ಓಟದಲ್ಲೇ ಸಿಗುತ್ತದೆ. ಈ ವಯಸ್ಸಿಗೆ 4ನೇ ಸೈಜಿನ ಚೆಂಡು ಸರಿ. ವಾಲಿಬಾಲ್ ಕೊಟ್ಟರೆ ಎದೆಯಿಂದ ತಳ್ಳುವುದನ್ನೇ ಕಲಿಯುತ್ತಾರೆ, ಸೊಂಟದ ಅಡ್ಡಕ್ಕೆ ಕೈ ಬೀಸುವುದನ್ನಲ್ಲ.

ಒಂದೇ ವಾರದಲ್ಲಿ ಎರಡನ್ನೂ ಆಡಿಸಬೇಡಿ. ಟ್ಯಾಗ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಪಾಸ್ ಮಾಡಲೇಬೇಕು, ಟಚ್‌ನಲ್ಲಿ ಅದೇ ಪೆನಾಲ್ಟಿ. ಮೂರು ವಾರ ಟ್ಯಾಗ್ ಆದ ಮೇಲೆ ಟಚ್‌ಗೆ ಬನ್ನಿ, ಮೊದಲ ದಿನ ವಿಸಿಲ್ ಊದಿ ಊದಿ ಸುಸ್ತಾಗಲು ತಯಾರಾಗಿರಿ.